ಇಬ್ಬರಿಗಾಗುವಷ್ಟು

ಬಾಳೆಹಣ್ಣು ಹೆಚ್ಚು ಹಣ್ಣಾಗಿ ಮನೆಯೆಲ್ಲ ವಾಸನೆ ಹರಡಿದಾಗ ಟೀಚರಮ್ಮನಿಗೆ ಇವತ್ತಿಗೂ ಅಪ್ಪನ ಬೆರಳುಗಳು ನೆನಪಾಗುತ್ತವೆ. ಅಪ್ಪ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ರೀಲು ಹರಿದರೆ ಎರಡು ತುದಿಗಳನ್ನೂ ಬ್ಲೇಡಿನಲ್ಲಿ ಕೆರೆದು, ಸಣ್ಣ ಸೀಸೆಯಿಂದ ಅಂಟು ಸವರಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದರು. ಆ ಅಂಟಿಗೆ ಬಾಳೆಹಣ್ಣಿನ ವಾಸನೆ. ಅದರ ಬೆನ್ನಿಗೇ ಮೂಗು ಚುರುಗುಟ್ಟಿಸುವಂಥ ಘಾಟು. ಎಷ್ಟು ಸೋಪು ತಿಕ್ಕಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಅಪ್ಪ ತಮ್ಮ ತಟ್ಟೆಯ ಮೊದಲ ತುತ್ತನ್ನು ಮಗನ ಬಾಯಿಗೂ ಎರಡನೆಯದನ್ನು ಮಗಳ ಬಾಯಿಗೂ ಇಡುವರು. ಅಕ್ಕ ತಮ್ಮ ಇಬ್ಬರೂ ಅನ್ನದ ಜೊತೆಗೆ ಸಿನಿಮಾವನ್ನೂ ಉಂಡು ಬೆಳೆದವರು.

ಆಗ ಅಪ್ಪ ಮಗನನ್ನು ಕರೆಯುತ್ತಿದ್ದದ್ದು 'ಮರಿ' ಎಂದು. ಆ ತಮಾಷೆಯ ಸಿನಿಮಾ ಬರುವವರೆಗೆ.

ಅದರಲ್ಲಿ ನಾಜೂಕಯ್ಯ ಎಂದೊಬ್ಬ. ಸೊಂಟ ಬಳುಕಿಸಿಕೊಂಡು ಬರುವುದು, ಕಿರುಬೆರಳೆತ್ತಿ ಟೀ ಕುಡಿಯುವುದು, ಗಂಡಸರನ್ನು ಕಂಡರೆ ರೆಪ್ಪೆ ಬಡಿಯುವುದು, ಕೊನೆಗೆ ನಾಯಕನಿಂದ ಒದೆ ತಿಂದು ಕೆಸರಿಗೆ ಬೀಳುವುದು, ಇಷ್ಟೇ ಅವನ ಪಾತ್ರ. ಅವನು ಬಿದ್ದ ಕೂಡಲೇ ಟಾಕೀಸಿನ ಚಾವಣಿ ಹಾರುವಂತೆ ಜನ ನಗುವರು, 'ಇನ್ನೊಂದ್ಸಲ' ಎಂದು ಬೆಂಚು ಕುಟ್ಟುವರು. ಅಪ್ಪ ಮೆಷಿನ್ ನಿಲ್ಲಿಸಿ, ರೀಲನ್ನು ಹಿಂದಕ್ಕೆ ಸುತ್ತಿ ಅವನನ್ನು ಮತ್ತೆ ಬೀಳಿಸುವರು. ಹಾಗೆ ಎಳೆದೆಳೆದು ಸವೆದು ಫಿಲ್ಮು ಹರಿಯುತ್ತಿದ್ದದ್ದೂ ಅಲ್ಲೇ. ಆ ತಿಂಗಳುಗಳಲ್ಲಿ ಅಪ್ಪನ ಬೆರಳಿನ ಬಾಳೆಹಣ್ಣಿನ ವಾಸನೆ ಒಂದು ದಿನವೂ ಆರಲಿಲ್ಲ.

ತಮ್ಮನೋ, ಕರವಸ್ತ್ರವನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸುವ ಹುಡುಗ. ಅಕ್ಕನ ಗೊಂಬೆಗೆ ಅಕ್ಕನಿಗಿಂತ ಚೆನ್ನಾಗಿ ಲಂಗ ಹೊಲಿಯುವನು. ಒಂದು ಮಧ್ಯಾಹ್ನ ಅವನು ತಟ್ಟೆಯ ಅಂಚಿಗೆ ಅಂಟಿದ ಅಗುಳನ್ನು ಬೆರಳತುದಿಯಲ್ಲಿ ತೆಗೆಯುತ್ತಿದ್ದಾಗ ಅಪ್ಪ ನೋಡಿದರು. "ಏನಯ್ಯಾ, ನಾಜೂಕಯ್ಯ" ಎಂದರು. ಅಮ್ಮ ನಕ್ಕಳು. ಅಕ್ಕನೂ ನಕ್ಕಳು. ಎಲ್ಲರೂ ನಗುತ್ತಿದ್ದಾರಲ್ಲ ಎಂದು ತಮ್ಮನೂ ನಕ್ಕ. ಅಂದಿನಿಂದ ಆ ಹೆಸರು ಮನೆಯಲ್ಲಿ ಬೇರೂರಿತು, ಮನೆಯಿಂದ ಬೀದಿಗೆ ಹೋಯಿತು, ಬೀದಿಯಿಂದ ಶಾಲೆಗೆ. ಶಾಲೆಯ ಹುಡುಗರು ಸಿನಿಮಾವನ್ನು ಅರ್ಧಕ್ಕೆ ಬಿಡುವವರಲ್ಲ. ಒಂದು ಸಂಜೆ ಅವನು ತಲೆಯಿಂದ ಕಾಲಿನವರೆಗೆ ಕೆಸರಾಗಿ ಬಂದ. ಅಮ್ಮ ಮಾತಾಡದೆ ಅಂಗಿ ಒಗೆದಳು. ಅಪ್ಪ ಸಂಜೆಯ ಆಟಕ್ಕೆ ಹೊತ್ತಾಯಿತೆಂದು ಹೊರಟುಹೋದರು.

ಅಮ್ಮ ತೀರಿಕೊಂಡು ಬಹಳ ಕಾಲವಾಗಿದೆ. ಅಪ್ಪ ಈಗ ಮಗಳ ಮನೆಯಲ್ಲಿದ್ದಾರೆ. ಮಗಳು ಶಿಶುವಿಹಾರದ ಟೀಚರು, ನಿವೃತ್ತಿಗೆ ಹತ್ತಿರ ಬಂದವಳು; ಓಣಿಗೆಲ್ಲ ಟೀಚರಮ್ಮ. ಗಂಡ ಕಾರು ಕಲಿಸುತ್ತಾರೆ. ಒಬ್ಬಳೇ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ತಮ್ಮ ಟೈಲರ್ ಆಗಿ, ತಲೆ ನರೆತು, ಊರಿನ ಇನ್ನೊಂದು ತುದಿಯಲ್ಲಿದ್ದಾನೆ. ಎರಡು ಬಸ್ಸು ಬದಲಾಯಿಸಬೇಕು. ಅವನು ಹರೆಯದಲ್ಲೇ ಮನೆ ಬಿಟ್ಟು ಹೋಗಿ, ಗಡಿಯಾರ ರಿಪೇರಿ ಮಾಡುವ ಒಬ್ಬರ ಜೊತೆ ಅಂಗಡಿಯನ್ನೂ ಅದರ ಹಿಂದಿನ ಕೋಣೆಯನ್ನೂ ಹಂಚಿಕೊಂಡವನು. ಅಂಗಡಿಯ ಅರ್ಧದಲ್ಲಿ ಹೊಲಿಗೆ ಮೆಷಿನು, ಇನ್ನರ್ಧದಲ್ಲಿ ಗಡಿಯಾರದ ಮೇಜು. ಅದು ಬರೀ ಅಂಗಡಿಯ ಪಾಲುದಾರಿಕೆಯಲ್ಲ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ಮನೆಯಲ್ಲಿ ಒಂದೇ ಮಾತಿತ್ತು, ಅದೂ ಸಿನಿಮಾದಿಂದ ಬಂದದ್ದು. ಆ ಇನ್ನೊಬ್ಬರನ್ನು 'ಗಡಿಯಾರದವರು' ಎನ್ನುವರು, ಅದೂ ಗಡಿಯಾರ ಕೆಟ್ಟಾಗ ಮಾತ್ರ.

ಭಾನುವಾರಗಳಂದು ತಮ್ಮ ಬರುತ್ತಿದ್ದ. "ಬಂದ್ಯಾ ನಾಜೂಕಯ್ಯ" ಎಂದು ಅಪ್ಪ ಈಜಿಚೇರಿನಿಂದಲೇ ಕೇಳುವರು. ಅವನು ಅವರ ಅಂಗಿಯ ಕಿತ್ತ ಗುಂಡಿ ಹಾಕಿ, ಕಣ್ಣಿಗೆ ಔಷಧಿ ಬಿಟ್ಟು, ಭಾವನ ಜೊತೆ ಪೆಟ್ರೋಲಿನ ಬೆಲೆ ಮಾತಾಡಿ, ಟೀ ಕುಡಿದು ಏಳುವನು. ಹೊರಡುವಾಗ ಟೀಚರಮ್ಮ ಒಂದು ಊಟದ ಕ್ಯಾರಿಯರ್ ಕೊಡುವಳು. ನಾಲ್ಕು ಡಬ್ಬಿಯದು, ಇಬ್ಬರಿಗೆ ಧಾರಾಳವಾಗಿ ಆಗುವಷ್ಟು. ಇಬ್ಬರಿಗೆ ಎಂದು ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಅವನೂ ಇಷ್ಟೇಕೆ ಎಂದು ಕೇಳಿರಲಿಲ್ಲ. ಕುಂಬಳಕಾಯಿ ಕಂಡರೆ ಮೂಗು ಮುರಿಯುತ್ತಿದ್ದ ತಮ್ಮ ಈಗ ಆ ಡಬ್ಬಿಯನ್ನೂ ಬಳಿದು ಬಳಿದು ಖಾಲಿ ಮಾಡಿ ತರುತ್ತಾನಲ್ಲ, ವಯಸ್ಸು ಎಲ್ಲ ರುಚಿಯನ್ನೂ ಕಲಿಸುತ್ತದೆ ಎಂದು ಅವಳು ಸಂತೋಷಪಡುತ್ತಿದ್ದಳು. ಬಾಯಲ್ಲಿ ಕೇಳಲಾಗದ್ದನ್ನು ಡಬ್ಬಿಯಲ್ಲಿ ತುಂಬಿ ಕಳಿಸಿದ್ದೇನೆ, ಇನ್ನೇನು ಬೇಕು ಎಂದುಕೊಂಡಿದ್ದಳು.

ಕಳೆದ ಬೇಸಗೆಯಲ್ಲಿ ನಡುಮನೆಯ ಗಡಿಯಾರ ನಿಧಾನವಾಗತೊಡಗಿತು. ಅದನ್ನು ಎರಡು ಸಲ ರಿಪೇರಿ ಮಾಡಿದ್ದು ಆ ಗಡಿಯಾರದವರೇ. ಈ ಸಲ ಕೊಡಹೋದರೆ ತಮ್ಮ ಅದನ್ನು ಕೈಯಲ್ಲಿ ಹಿಡಿದು, ಅದರ ಹಿಂಬದಿ ತಿರುಗಿಸಿ ನೋಡಿ, ಮತ್ತೆ ಮೊಳೆಗೆ ತಗುಲಿಸಿದ. ಬೇರೆ ಕಡೆ ತೋರಿಸಕ್ಕಾ ಎಂದ. ಗಡಿಯಾರದವರಿಗೂ ಕಣ್ಣು ಮಂಜಾಗಿರಬೇಕು ಎಂದುಕೊಂಡು ಅವಳು ಸುಮ್ಮನಾದಳು.

ಸಿನಿಮಾದ ಸುದ್ದಿ ಬಂದದ್ದು ಒಂದು ರಾತ್ರಿ ಊಟದ ಹೊತ್ತಿಗೆ. ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ, ಇಬ್ಬರು ಗಂಡಸರ ಸಂಸಾರದ ಕಥೆಯಂತೆ, ಹೋಗೋಣವಾ ಎಂದು ಮಗಳು ಕೇಳಿದಳು.

"ಸಂಸಾರ ಅಂತೆ ಸಂಸಾರ" ಎಂದರು ಗಂಡ. "ರಿವರ್ಸ್ ಗೇರಲ್ಲಿ ಹೆದ್ದಾರಿ ಹತ್ತಿದ ಹಾಗೆ."

"ನಿಮ್ಮ ಸ್ಟೂಡೆಂಟ್ಸು ಫಸ್ಟ್ ಗೇರಲ್ಲೇ ಗೋಡೆ ಹತ್ತುತ್ತಾರಲ್ಲಪ್ಪ, ಅದಕ್ಕಿಂತ ವಾಸಿ."

ಗಂಡ ನಗಲಿಲ್ಲ. ಮನೆಯಲ್ಲಿ ಹಿರಿಯರಿದ್ದಾರೆ, ಬ್ರೇಕು ಹಾಕಿ ಮಾತಾಡು ಎಂದರು. ಇಂಥದ್ದನ್ನೆಲ್ಲ ತೋರಿಸಿ ತೋರಿಸಿಯೇ ಜನರ ತಲೆ ಕೆಡಿಸುತ್ತಿರುವುದು ಎಂದೂ ಸೇರಿಸಿದರು. ಮಗಳು ನೀರಿನ ಲೋಟ ಕೆಳಗಿಟ್ಟಳು.

"ಸಿನಿಮಾ ನೋಡಿ ಜನ ಕೆಡೋದಾದ್ರೆ, ನಾಜೂಕಯ್ಯನ್ನ ನೋಡಿ ನಾವೆಲ್ಲ ಏನಾದ್ವಿ ಅಪ್ಪ?"

ಟೀಚರಮ್ಮ ಬೇಕಿಲ್ಲದಿದ್ದರೂ ಎಲ್ಲರಿಗೂ ಇನ್ನೊಂದು ಸೌಟು ಅನ್ನ ಬಡಿಸಿದಳು. ಅಪ್ಪ ಮಾತ್ರ ಕಲಸಿದ ಅನ್ನವನ್ನೇ ಮತ್ತೆ ಕಲಸುತ್ತಿದ್ದರು. ಆಮೇಲೆ ಕೇಳಿದರು, "ಎಲ್ಲಿ ನಡೀತಿದೆ ಅದು?"

"ನಿನ್ನ ಟಾಕೀಸಲ್ಲೇ ತಾತ."

ಕಂಪ್ಯೂಟರಿನಲ್ಲಿ ಸಿನಿಮಾ ಓಡಿಸಲು ಶುರುವಾದ ಮೇಲೆ ಅಪ್ಪ ಆ ಕಡೆ ತಲೆ ಹಾಕಿರಲಿಲ್ಲ. ರೀಲಿಲ್ಲದ ಸಿನಿಮಾ ಬೇರಿಲ್ಲದ ಮರ ಎನ್ನುತ್ತಿದ್ದವರು ಆ ಶನಿವಾರ ಇಸ್ತ್ರಿಯ ಅಂಗಿ ಕೇಳಿ ಹಾಕಿಕೊಂಡರು. ಮಧ್ಯಾಹ್ನದ ಆಟಕ್ಕೆ ತಾತ, ಮಗಳು, ಮೊಮ್ಮಗಳು ಹೋದರು. ಗಂಡ ಕಾರಿನಲ್ಲಿ ಟಾಕೀಸಿನ ಬಾಗಿಲವರೆಗೆ ಬಿಟ್ಟು, ನನಗೆ ಕ್ಲಾಸಿದೆ ಎಂದು ಹೊರಟುಹೋದರು.

ಅಪ್ಪ ಹಟ ಮಾಡಿ ಕೊನೆಯ ಸಾಲಿನಲ್ಲಿ, ಕ್ಯಾಬಿನ್ನಿನ ಕಿಂಡಿಯ ಕೆಳಗೇ ಕೂತರು. ಅವರು ಜೀವಮಾನದಲ್ಲಿ ಸಿನಿಮಾ ನೋಡಿದ್ದಕ್ಕಿಂತ ಜನರನ್ನು ನೋಡಿದ್ದು ಹೆಚ್ಚು. ಆ ಕಿಂಡಿಯಿಂದ ಕಾಣುವುದು ತಲೆಗಳು, ಕೇಳುವುದು ನಗು, ಸೀಟಿ, ಕೆಮ್ಮು. ಯಾವ ಚಿತ್ರ ಓಡುತ್ತದೆ, ಯಾವುದು ಮಲಗುತ್ತದೆ ಎಂದು ಮಾಲೀಕರೂ ಅಪ್ಪನನ್ನು ಕೇಳುತ್ತಿದ್ದದ್ದು ಅದಕ್ಕೇ. ಈಗಲೂ ಅವರು ಪರದೆಗೆ ಮುಖ ಮಾಡಿದ್ದರೂ ಕಿವಿಯನ್ನು ಜನರ ಕಡೆಗೆ ಕೊಟ್ಟಿದ್ದರು.

ಪರದೆಯ ಮೇಲೆ ಇಬ್ಬರು ಮುದುಕರು. ಒಬ್ಬ ಅಂಚೆಯವನಾಗಿದ್ದವನು, ಇನ್ನೊಬ್ಬ ಬೇಕರಿಯವನು. ಅಂಚೆಯವನಿಗೆ ಕಾಯಿಲೆ. ಕಥೆ ಎನ್ನುವಂಥದ್ದು ಹೆಚ್ಚೇನಿಲ್ಲ. ಒಬ್ಬ ಇನ್ನೊಬ್ಬನ ತಲೆ ಬಾಚುತ್ತಾನೆ, ಔಷಧಿಗೆ ಜಗಳವಾಡುತ್ತಾನೆ, ಬ್ರೆಡ್ಡಿನ ಗಟ್ಟಿ ಅಂಚು ಕತ್ತರಿಸಿ ತಿನ್ನಿಸುತ್ತಾನೆ. ಮೊದಮೊದಲು ಇಬ್ಬರು ಹುಡುಗರು ಸೀಟಿ ಹೊಡೆದರು. ಮುಂದೆ ಬೇಕರಿಯವನು ನೆಲಕ್ಕೆ ಕೂತು, ಮಂಚದ ಮೇಲಿದ್ದವನ ಪಾದ ತೊಡೆಯ ಮೇಲಿಟ್ಟುಕೊಂಡು, ನಿಧಾನವಾಗಿ ಕಾಲುಚೀಲ ಹಾಕುತ್ತಾನೆ. ಆಗ ಇಡೀ ಟಾಕೀಸಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸೀಟಿಯ ಹುಡುಗರೂ ಸುಮ್ಮನಿದ್ದರು. ಮುಂದಿನ ಸಾಲಿನ ದಪ್ಪನೆಯ ಮನುಷ್ಯ ಕಡಲೆಯ ಪೊಟ್ಟಣದಲ್ಲಿ ಕೈ ಹಾಕಿದವನು ಹಾಗೇ ಉಳಿದಿದ್ದ.

ಆಟ ಮುಗಿದ ಮೇಲೆ ಅಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೊಮ್ಮಗಳು ನೀರು ತರಲು ಓಡಿದಳು.

"ಜನ ನಗಲಿಲ್ಲ ಕಣಮ್ಮ" ಎಂದರು.

"ನಗೋಂಥ ಸಿನಿಮಾ ಅಲ್ವಲ್ಲಪ್ಪ."

"ಆ ಮುದುಕ ಕಾಲುಚೀಲ ಹಾಕಿದ್ನಲ್ಲ, ನಮ್ಮ ಕಾಲದಲ್ಲಿ ಅದೊಂದಕ್ಕೇ ಬಿದ್ದು ಬಿದ್ದು ನಗ್ತಿದ್ರು. ಇನ್ನೊಂದ್ಸಲ ಅಂತಿದ್ರು. ನಾನು ಹಿಂದಕ್ಕೆ ಸುತ್ತಿರ್ತಿದ್ದೆ." ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. "ಜನ ಅಂದ್ರೆ ನಗೋದೇ ಅಂದ್ಕೊಂಡಿದ್ದೆ. ತೋರಿಸೋ ಹಾಗೆ ತೋರಿಸಿದ್ರೆ ನಗದೇನೂ ಇರ್ತಾರೆ."

ಮುಂದಿನ ವಾರಗಳಲ್ಲಿ ಓಣಿಯೇನೂ ಏಕಾಏಕಿ ಬದಲಾಗಲಿಲ್ಲ. ಮೂಲೆಯ ಗ್ಯಾರೇಜಿನವರು ಆ ಪೋಸ್ಟರಿಗೆ ಮೀಸೆ, ಬಳೆ ಬರೆದರು. ಆದರೆ ಹಾಲಿನ ಅಂಗಡಿಯಾಕೆ, ಎಂದೂ ಮನೆಯ ಮಾತು ಎತ್ತದವಳು, ನಿಮ್ಮ ತಮ್ಮ ಚೆನ್ನಾಗಿದ್ದಾರಾ ಟೀಚರೇ ಎಂದು ಕೇಳಿದಳು. ಕೇಳಿ, ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಹಾಲು ಸುರಿದಳು. ಗಂಡ ಒಂದು ಸಂಜೆ ಬೂಟು ಬಿಚ್ಚುತ್ತಾ ಕೂತವರು ಬಿಚ್ಚುವುದನ್ನು ಅರ್ಧಕ್ಕೇ ಬಿಟ್ಟು ಹೇಳಿದರು. ಕಾರು ಕಲಿಯಲು ಬರುವ ಬ್ಯಾಂಕಿನಾಕೆ ಆ ಸಿನಿಮಾದ ವಿಷಯ ಹೇಳುತ್ತಾ ಸ್ಟೇರಿಂಗು ಹಿಡಿದೇ ಅತ್ತುಬಿಟ್ಟರಂತೆ. ಅವರಣ್ಣನ ಮಗ ಹಾಗೇ ಮನೆ ಬಿಟ್ಟು ಹೋದವನಂತೆ.

"ಏನು ಮಾಡಿದ್ರಿ ನೀವು?"

"ಏನ್ಮಾಡ್ಲಿ, ನನ್ನ ಕಡೆ ಬ್ರೇಕ್ ಒತ್ತಿ ಗಾಡಿ ಪಕ್ಕಕ್ಕೆ ಹಾಕಿಸ್ದೆ. ಅಳೋವಷ್ಟು ಅಳಲಿ ಅಂತ ಕೂತಿದ್ದೆ." ಇನ್ನೊಂದು ಬೂಟಿನ ದಾರ ಎಳೆಯುತ್ತಾ, "ನಿನ್ನ ತಮ್ಮನ ಜೊತೆಯವರು, ಅವರಿಗೆಷ್ಟು ವಯಸ್ಸಾಗಿರಬಹುದೇ?" ಎಂದರು. ಮದುವೆಯಾದಾಗಿನಿಂದ ಅವರು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳಿಗೂ ಉತ್ತರ ಗೊತ್ತಿರಲಿಲ್ಲ.

ಆ ಭಾನುವಾರ ತಮ್ಮ ಬಂದಾಗ ಅಪ್ಪ "ಬಂದ್ಯಾ" ಎಂದರು, ಅಲ್ಲಿಗೇ ನಿಂತರು. ತಮ್ಮ ಹೊಸ್ತಿಲಲ್ಲೇ ಉಳಿದ. ಉಳಿದರ್ಧ ಬರುತ್ತದೆಂದು ಕಾದ. ಬರಲಿಲ್ಲ. ಆಡಿ ಆಡಿ ಸವೆದ ಮಾತು ಅಲ್ಲಿ ಹರಿದಿತ್ತು; ಅಂಟಿಸಲು ಬೇರೆ ಹೆಸರು ಅಪ್ಪನ ಬಾಯಿಗೆ ಬರಲಿಲ್ಲ. ಇಡೀ ಹೊತ್ತು ಅವರು ಮಗನನ್ನು ಏನೆಂದೂ ಕರೆಯದೆ, 'ಇಲ್ನೋಡು', 'ಕೇಳಿಸ್ತಾ' ಎಂದೇ ಕಳೆದರು. ಅವನು ಹೋದ ಮೇಲೆ ಟೀಚರಮ್ಮನನ್ನು ಕರೆದು, ಮುಂದಿನ ವಾರ ಇಬ್ಬರನ್ನೂ ಊಟಕ್ಕೆ ಕರೆ ಎಂದರು.

ಅವಳು ಫೋನು ಮಾಡಿದಾಗ ಆಚೆ ಹೊಲಿಗೆ ಮೆಷಿನು ಓಡುತ್ತಿತ್ತು. ಅಪ್ಪ ಹೇಳಿದ್ದನ್ನು ಹೇಳಿದಳು. ಮೆಷಿನು ನಿಂತಿತು.

"ಇಬ್ಬರೂನಾ?"

"ಹೂಂ. ಅಪ್ಪನೇ ಬಾಯಿಬಿಟ್ಟು ಹೇಳಿದ್ದು."

"ಬರ್ತೀನಿ ಅಕ್ಕ" ಎಂದ ತಮ್ಮ.

ಬರ್ತೀನಿ ಎಂದನೇ ಹೊರತು ಬರ್ತೀವಿ ಎನ್ನಲಿಲ್ಲ. ಒಬ್ಬರಾದರೆ ಏನನ್ನಬೇಕು, ಇಬ್ಬರಾದರೆ ಏನನ್ನಬೇಕು ಎಂದು ಮೂರು ವರ್ಷದ ಮಕ್ಕಳಿಗೆ ದಿನಾ ಕಲಿಸುವವಳು ಅದನ್ನು ಗಮನಿಸಲೇ ಇಲ್ಲ. ಅಷ್ಟು ಖುಷಿಯಲ್ಲಿದ್ದಳು.

ಭಾನುವಾರ ಮನೆ ಬೆಳಗಿನಿಂದಲೇ ಎದ್ದು ಕೂತಿತು. ಮಗಳು ಕಿಟಕಿಯ ಗಾಜು ಒರೆಸಿದಳು. ಗಂಡ ಯಾರೂ ಹೇಳದೆಯೇ ಹೋಗಿ ದ್ರಾಕ್ಷಿ ತಂದರು. ಅಪ್ಪ ಮೂರು ಸಲ ತಟ್ಟೆಗಳನ್ನು ಎಣಿಸಿ, ಆರೂ ಒಂದೇ ಥರದ್ದಿರಲಿ, ಅವರಿಗೆ ಬೇರೆ ಥರದ್ದು ಇಡಬೇಡ ಎಂದರು. ಟೀಚರಮ್ಮ ಅನ್ನ, ಬೇಳೆ, ಮೊಟ್ಟೆ, ತಮ್ಮನಿಗೆಂದು ಕುಂಬಳಕಾಯಿ ಎಲ್ಲ ಮಾಡಿದಳು.

ತಮ್ಮ ಒಬ್ಬನೇ ಬಂದ.

"ಅವರೆಲ್ಲಿ?" ಅಪ್ಪ ಬಾಗಿಲಾಚೆ ಕತ್ತು ಚಾಚಿದರು. "ಹಿಂದೆ ಬರ್ತಿದಾರಾ?"

ತಮ್ಮ ಬಗ್ಗಿ ಚಪ್ಪಲಿಗಳನ್ನು ಜೋಡಿಸಿಟ್ಟ. "ಅವರು ಹೋಗಿ ವರ್ಷದ ಮೇಲಾಯ್ತಪ್ಪ."

"ಹೋಗಿ ಅಂದ್ರೆ? ಎಲ್ಲಿಗೆ?"

"ತೀರಿಕೊಂಡ್ರು ಅಪ್ಪ" ಎಂದ ತಮ್ಮ. ಗಂಡ ಕೈಯಲ್ಲಿದ್ದ ದ್ರಾಕ್ಷಿಯ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತರು. ಗಡಿಯಾರದವರು ಎದೆನೋವು ಬಂದು ಎರಡೇ ದಿನ ಆಸ್ಪತ್ರೆಯಲ್ಲಿದ್ದರಂತೆ. ನೀವು ಅವರಿಗೇನಾಗಬೇಕು ಎಂದು ಅಲ್ಲಿ ಕೇಳಿದ್ದಕ್ಕೆ ಇವನು, 'ಬಾಡಿಗೆಗಿರುವವನು' ಎಂದನಂತೆ. ಒಳಗೆ ಬಿಟ್ಟದ್ದು ಎಲ್ಲ ಮುಗಿದ ಮೇಲೆ.

"ನಮಗ್ಯಾಕೆ ಹೇಳಲಿಲ್ಲ?" ಎಂದಳು ಟೀಚರಮ್ಮ. "ವಾರ ವಾರ ಬರ್ತಿದ್ದೆಯಲ್ಲೋ. ವಾರ ವಾರ ಕ್ಯಾರಿಯರ್ ಒಯ್ದೆಯಲ್ಲೋ."

"ಅದಕ್ಕೇ ಹೇಳಲಿಲ್ಲ ಅಕ್ಕ. ಈ ಮನೇಲಿ ಅವರು ಲೆಕ್ಕಕ್ಕಿದ್ದಿದ್ದು ಅದೊಂದರಲ್ಲೇ. ಹೇಳಿದ್ರೆ ನೀನು ಒಬ್ಬನಿಗಾಗುವಷ್ಟು ಕಟ್ತಿದ್ದೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಗೋಡೆ ಹಿಡಿದು ಕೂತರು. ಆ ಸಿನಿಮಾ ನೋಡಿದೆ, ನೋಡಿದ ಮೇಲೆ ನನಗೆ ಹೀಗೆಲ್ಲ ಅನ್ನಿಸಿತು ಎಂದು ತಡವರಿಸುತ್ತಾ ಹೇಳಲು ಹೊರಟರು. ತಮ್ಮ ಪೂರ್ತಿ ಕೇಳಿಸಿಕೊಂಡ. ದನಿ ಏರಿಸಲಿಲ್ಲ.

"ಎರಡು ಗಂಟೆ ಕತ್ತಲಲ್ಲಿ ಕೂತು ಯಾರೋ ಇಬ್ಬರನ್ನ ನೋಡಿದ್ರಿ ಅಪ್ಪ. ಒಳ್ಳೇದಾಯ್ತು. ನಾವು ಇಷ್ಟು ವರ್ಷ ಬೆಳಕಲ್ಲೇ ಇದ್ವಿ."

ಆಮೇಲೂ ಅವನು ಎದ್ದು ಹೋಗಲಿಲ್ಲ. ಅಕ್ಕ ಮಾಡಿದ್ದು ಹಾಳಾಗಬಾರದೆಂದು ಕೂತು ಉಂಡ. ಆರನೆಯ ತಟ್ಟೆಯನ್ನು ತೆಗೆಯಲು ಯಾರಿಗೂ ಕೈ ಬರಲಿಲ್ಲ. ಹೊರಡುವಾಗ ಕ್ಯಾರಿಯರ್ ಬೇಡವೆಂದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ. ಫೋನು ಮಾಡಿದರೆ ಹೊಲಿಗೆ ಬಹಳ ಇದೆ ಎನ್ನುತ್ತಿದ್ದ. ಅಪ್ಪನ ಅಂಗಿಯಲ್ಲಿ ಮತ್ತೊಂದು ಗುಂಡಿ ಕಿತ್ತುಹೋಯಿತು. ಟೀಚರಮ್ಮ ಹಾಕಿಕೊಡುತ್ತೇನೆಂದರೆ ಅಪ್ಪ ಒಪ್ಪಲಿಲ್ಲ. ಆ ಸಿನಿಮಾವೂ ಟಾಕೀಸಿನಿಂದ ಹೋಯಿತು. ಈಗ ಅಲ್ಲಿ ಹೊಡೆದಾಟದ ಚಿತ್ರ.

ಒಂದು ಬೆಳಿಗ್ಗೆ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕ್ಯಾರಿಯರ್ ಕಟ್ಟು ಎಂದರು. ಅವಳು ಡಬ್ಬಿಗಳನ್ನು ತೊಳೆದಿಟ್ಟು, ಸೌಟು ಹಿಡಿದವಳು ತಡೆದಳು. ಎಷ್ಟು ಹಾಕಬೇಕೆಂದು ತಿಳಿಯಲಿಲ್ಲ.

"ಯಾವಾಗ್ಲೂ ಕಟ್ಟೋ ಅಷ್ಟೇ ಕಟ್ಟಮ್ಮ" ಎಂದರು ಅಪ್ಪ.

ಗಂಡ ಕಾರು ತೆಗೆದರು. ಅಂಗಡಿಯ ಎದುರು ನಿಲ್ಲಿಸಿ, ನಾನು ಇಲ್ಲೇ ಇರುತ್ತೇನೆ, ಇಲ್ಲಿ ಗಾಡಿ ನಿಲ್ಲಿಸಲು ಬಿಡುವುದಿಲ್ಲ ಎಂದರು. ಬೀದಿಯಲ್ಲಿ ಬೇಕಾದಷ್ಟು ಗಾಡಿಗಳು ನಿಂತಿದ್ದವು. ಅಪ್ಪ ಕ್ಯಾರಿಯರನ್ನು ಜೊತೆಗೆ ಬಂದ ಟೀಚರಮ್ಮನ ಕೈಗೂ ಕೊಡದೆ, ಒಂದೊಂದೇ ಮೆಟ್ಟಿಲು ಹತ್ತಿದರು.

ಇಷ್ಟು ವರ್ಷದಲ್ಲಿ ಅವರಿಬ್ಬರೂ ಆ ಅಂಗಡಿಯನ್ನು ಕಂಡದ್ದು ಅದೇ ಮೊದಲು. ಒಂದು ಗೋಡೆಗೆ ಅಳತೆ ಟೇಪು, ಕತ್ತರಿ, ಅರ್ಧ ಹೊಲಿದ ಅಂಗಿಗಳು. ಇನ್ನೊಂದು ಗೋಡೆಯ ತುಂಬ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಹೊತ್ತು, ಎಲ್ಲವೂ ನಿಂತೇ ಇದ್ದವು. ಆ ಕಡೆಯ ಮೇಜಿನ ಮೇಲೆ ಧೂಳಿನ ಒಂದು ಕಣವಿರಲಿಲ್ಲ. ಅದರ ಮುಂದಿದ್ದ ಸ್ಟೂಲಿನ ಮೇಲೆ ಒಂದು ಕೆಲಸದ ಬಟ್ಟೆ, ಮೂಲೆಗೆ ಮೂಲೆ ಸೇರಿಸಿ ಮಡಿಸಿಟ್ಟದ್ದು.

ತಮ್ಮ ಇತ್ತ ಬೆನ್ನು ಹಾಕಿ ಮೆಷಿನ್ ತುಳಿಯುತ್ತಿದ್ದ. ಅಪ್ಪ ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು.

"ಮರೀ."

ನರೆತ ತಲೆ ಹಾಗೇ ಬಗ್ಗಿಕೊಂಡಿತ್ತು. ಮೆಷಿನು ನಿಂತದ್ದರಿಂದ ಮಾತ್ರ ಕೇಳಿಸಿತೆಂದು ಗೊತ್ತಾಯಿತು. ಅವನು ಎದ್ದು ಬಂದ. ಅಪ್ಪ ದಣಿದಿದ್ದರು, ಆ ಸ್ಟೂಲಿನ ಕಡೆ ಹೆಜ್ಜೆ ಇಟ್ಟರು.

"ಅದರ ಮೇಲೆ ಬೇಡಪ್ಪ" ಎಂದ ತಮ್ಮ. ಪಕ್ಕದಂಗಡಿಯಿಂದ ಒಂದು ಕುರ್ಚಿ ತಂದು ಹಾಕಿದ. ಅಪ್ಪ ಏಕೆಂದು ಕೇಳದೆ ಅದರ ಮೇಲೆ ಕೂತರು. ಟೀಚರಮ್ಮ ಬಾಗಿಲಲ್ಲೇ ನಿಂತಳು. ಅಪ್ಪ ಗಡಿಯಾರಗಳನ್ನು ನೋಡಿದರು, ಮೇಜು ನೋಡಿದರು.

"ಅವರಿಗೆ ಊಟದಲ್ಲಿ ಏನಿಷ್ಟ ಆಗ್ತಿತ್ತು?"

ಅಕ್ಕನ ಕಡೆ ನೋಡಿದ ತಮ್ಮ. ಅವನ ಮುಖದಲ್ಲಿ ನಗುವಿನಂಥದ್ದು ಏನೋ ಬಂದು ಹೋಯಿತು.

"ಕುಂಬಳಕಾಯಿ. ಅಕ್ಕ ಕಳಿಸಿದ್ರೆ ಆ ಡಬ್ಬಿ ನನ್ನ ಕೈಗೇ ಸಿಗ್ತಿರಲಿಲ್ಲ. ನನಗೆಲ್ಲಿ ಸೇರುತ್ತೆ ಅದು." ಸ್ಟೂಲಿನ ಮೇಲಿನ ಬಟ್ಟೆಯ ಮೂಲೆ ಸರಿಪಡಿಸುತ್ತಾ, "ಈಗ ಒಂದು ವರ್ಷದಿಂದ ನಾನೇ ತಿನ್ನೋದು ಕಲ್ತಿದೀನಿ" ಎಂದ.

ಅಪ್ಪ ತಲೆಯಾಡಿಸಿದರು. ಕ್ಯಾರಿಯರಿನ ಹಿಡಿ ಬಿಡಿಸಲು ಅವರ ಬೆರಳುಗಳಿಗೆ ಬಹಳ ಹೊತ್ತು ಹಿಡಿಯಿತು. ಮಗಳಾಗಲಿ ಮಗನಾಗಲಿ ಮುಂದೆ ಬರಲಿಲ್ಲ. ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ಎಲ್ಲಕ್ಕಿಂತ ಕೆಳಗಿದ್ದದ್ದರ ಮುಚ್ಚಳ ತೆಗೆದು, ಬಿಸಿಯಿದ್ದುದರಿಂದ ಪಂಚೆಯ ಅಂಚಿನಲ್ಲಿ ಹಿಡಿದು, ಅಪ್ಪ ಆ ಕುಂಬಳಕಾಯಿಯ ಡಬ್ಬಿಯನ್ನು ಮಗನ ಕೈಗಿಟ್ಟರು.